ಮಂಗಳೂರು ಹೆಂಚು: ಮಾರ್ಪಡದ ಒಂದು ಆಕೃತಿಯ ಚರಿತ್ರೆ

ತನ್ನನ್ನು ತಯಾರಿಸುವ ಯಂತ್ರ, ಸುಡುವ ಗೂಡು, ಸಾಗಿಸುವ ವಾಹನ, ಒಡೆತನವುಳ್ಳ ಸಂಸ್ಥೆ, ನಾಡನ್ನಾಳುವ ಸರಕಾರ ಇವೆಲ್ಲವೂ ಒಂದರ ಹಿಂದೊಂದಾಗಿ ಮಾರ್ಪಟ್ಟರೂ ತಾನು ಮಾತ್ರ ಆಕೃತಿಯಲ್ಲಾಗಲಿ ಅಳತೆಯಲ್ಲಾಗಲಿ ಹೇಳಿಕೊಳ್ಳುವಷ್ಟು ಬದಲಾಗದೆ, ಒಂದೂವರೆ ಶತಮಾನಕ್ಕೂ ಮಿಕ್ಕಿದ ಕಾಲ ಅಸಂಖ್ಯ ಜನರ ತಲೆಯ ಮೇಲೆ ನೆರಳಾಗಿ ನಿಂತಿರುವ ವಸ್ತುವೊಂದು ನಮ್ಮ ಪಶ್ಚಿಮ ಕರಾವಳಿಯಲ್ಲಿ ಉಂಟು. ಅದು ಮಂಗಳೂರು ಹೆಂಚು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡಕ್ಕೆ ಸಮೀಪವಾಗಿ ಬಾಸೆಲ್ ಮಿಶನ್ನಿನವರು ಸ್ಥಾಪಿಸಿದ ಕಾರ್ಖಾನೆಯಿಂದ ಹೊರಟ ಈ ಕೆಂಪು ಹೆಂಚಿನ ವಂಶವು ಇಂದಿಗೂ ಅದೇ ಅಂಗವಿನ್ಯಾಸದಿಂದ ಅಚ್ಚಿನಿಂದೇಳುತ್ತಿರುವುದನ್ನು ನೆನೆದಾಗ, ನವೀನವಾದುದೆಲ್ಲವೂ ಉತ್ತಮವೆಂದು ಭಾವಿಸುವ ಈ ಯುಗದಲ್ಲಿ, ಬದಲಾಗದೆ ಉಳಿಯುವುದಕ್ಕೂ ಒಂದು ಯೋಗ್ಯತೆ ಬೇಕಾಗುವುದೆಂಬ ವಿಚಾರವು ಮನಸ್ಸಿಗೆ ಬಾರದಿರದು. ಆಲಸ್ಯದಿಂದಲೋ ಅಜ್ಞಾನದಿಂದಲೋ ಹಳೆಯ ರೂಪವನ್ನೇ ಹಿಡಿದುಕೊಂಡು ಬಂದ ವಸ್ತುಗಳು ಲೋಕದಲ್ಲಿ ಬೇಕಾದಷ್ಟಿವೆ. ಹೆಂಚಿನ ವಿಷಯ ಹಾಗಲ್ಲ. ಅದರ ಸ್ಥಿರತೆಯ ಕಾರಣವು ಅದರ ರಚನೆಯೊಳಗೇ ಅಡಗಿದೆ; ಆ ಕಾರಣವನ್ನು ಅರಿಯಬೇಕಾದರೆ ಅದರ ಪೂರ್ವೇತಿಹಾಸವನ್ನೂ ಅಂಗಾಂಗಗಳನ್ನೂ ಸಾವಧಾನವಾಗಿ ನೋಡಬೇಕು.

ಹೆಂಚು ಬರುವುದಕ್ಕೆ ಮುಂಚೆ ಕರಾವಳಿಯ ಮನೆಗಳು ಮಳೆಯನ್ನು ಹೇಗೆ ಎದುರಿಸುತ್ತಿದ್ದುವೆಂಬುದು ಮೊದಲ ಪ್ರಶ್ನೆ. ಮಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ 3500 ಮಿಲಿಮೀಟರಿಗೂ ಮೀರಿದುದು. ಅದರ ಬಹುಭಾಗವು ಜೂನ್ ತಿಂಗಳಿಂದ ಸೆಪ್ಟೆಂಬರದವರೆಗಿನ ನಾಲ್ಕೇ ತಿಂಗಳುಗಳಲ್ಲಿ, ಸಮುದ್ರದ ಕಡೆಯಿಂದ ಬೀಸುವ ಗಾಳಿಯೊಡನೆ ಓರೆಯಾಗಿ ಬಂದು ಅಪ್ಪಳಿಸುವುದು. ಈ ಮಳೆಯ ಕೆಳಗೆ ಬಾಳಿದ ಸಾಮಾನ್ಯ ಜನರು ಮುಳಿಹುಲ್ಲನ್ನೋ, ಹೆಣೆದ ತೆಂಗಿನ ಮಡಲನ್ನೋ, ಅಡಕೆಯ ಸೋಗೆಯನ್ನೋ ಮಾಡಿಗೆ ಹೊದೆಸುತ್ತಿದ್ದರು. ಹುಲ್ಲಿನ ಮನೆ ತಂಪಾಗಿರುತ್ತಿತ್ತೆಂಬುದು ನಿಜವೇ. ಆದರೆ ಆ ತಂಪಿಗಾಗಿ ಅವರು ಪ್ರತಿ ವರ್ಷವೂ ಮಳೆಗಾಲಕ್ಕೆ ಮುಂಚೆ ಹಳೆಯದನ್ನು ಕಿತ್ತು ಹೊಸದನ್ನು ಹೊದೆಸುವ ಶ್ರಮವನ್ನೂ, ಬೇಸಗೆಯಲ್ಲಿ ಒಂದು ಒಲೆಯ ಕಿಡಿಯಿಂದ ಕೇರಿಗೆ ಕೇರಿಯೇ ಉರಿದುಹೋಗುವ ಭಯವನ್ನೂ ತೆರಬೇಕಾಗಿತ್ತು. ಶಾಶ್ವತವಾದ ಮಾಡು ದೇವರಿಗೂ ಅರಸರಿಗೂ ಮೀಸಲಾದ ಭಾಗ್ಯವಾಗಿತ್ತು. ಮೂಡುಬಿದಿರೆಯಲ್ಲಿ 1430ರಲ್ಲಿ ಎದ್ದ ಸಾವಿರಕಂಬದ ಬಸದಿಯಲ್ಲಿಯೂ ಭಟ್ಕಳದ ಹಳೆಯ ದೇಗುಲಗಳಲ್ಲಿಯೂ ಶಿಲ್ಪಿಗಳು ಕಲ್ಲಿನ ಚಪ್ಪಡಿಗಳನ್ನೇ ಮರದ ಮಾಡಿನಂತೆ ಇಳಿಜಾರಾಗಿ ಜೋಡಿಸಿರುವುದನ್ನು ಕಂಡವರಿಗೆ, ಈ ಮಳೆಯ ಸೀಮೆಯಲ್ಲಿ ನೀರನ್ನು ತಡೆದು ನಿಲ್ಲಿಸುವುದಕ್ಕಿಂತ ಹರಿದು ಹೋಗಗೊಡುವುದೇ ವಿವೇಕವೆಂಬ ತಿಳಿವಳಿಕೆ ಎಷ್ಟು ಪ್ರಾಚೀನವಾದುದೆಂಬುದು ತಾನಾಗಿ ಮನದಟ್ಟಾಗುತ್ತದೆ. ಪಕ್ಕದ ಮಲಬಾರಿನಲ್ಲಂತೂ ಮನೆಗೆ ಹೆಂಚು ಹೊದೆಸುವುದೇ ಅರಸನ ಅನುಮತಿಯಿಂದ ಮಾತ್ರ ದೊರೆಯುವ ಗೌರವವಾಗಿತ್ತು.

ಕುಂಬಾರನ ನಾಡಹೆಂಚು ಇರಲಿಲ್ಲವೆಂದಲ್ಲ. ತಿಗರಿಯ ಮೇಲೆ ಕೊಳವೆಯಾಕಾರವಾಗಿ ಎತ್ತಿ, ಹಸಿಯಿರುವಾಗಲೇ ಉದ್ದಕ್ಕೆ ಸೀಳಿ, ಒಣಗಿಸಿ ಸುಟ್ಟ ಆ ಅರ್ಧಕೊಳವೆಗಳನ್ನು ಒಂದು ಸಾಲು ಅಂಗಾತವಾಗಿಯೂ ಅದರ ಮೇಲೊಂದು ಸಾಲು ಕವುಚಾಗಿಯೂ ಜೋಡಿಸುವ ಪದ್ಧತಿ ನಮ್ಮ ದೇಶದಲ್ಲಿ ಬಹು ಹಿಂದಿನದು. ಘಟ್ಟದ ಮೇಲಣ ಸೀಮೆಗಳಲ್ಲಿ ಅದು ಈಚಿನವರೆಗೂ ರೂಢಿಯಲ್ಲಿತ್ತು. ಅದರ ಚೆಲುವನ್ನು ಕಡೆಗಣಿಸುವಂತಿಲ್ಲ. ಆದರೆ ಕೈಯಿಂದಾದುದರಿಂದ ಒಂದರಂತೆ ಇನ್ನೊಂದಿರದೆ, ಒಂದಕ್ಕೊಂದು ಕಚ್ಚಿಕೊಳ್ಳುವ ಉಪಾಯವೂ ಇಲ್ಲದೆ, ಕೇವಲ ತನ್ನ ಭಾರದಿಂದಲೇ ನಿಲ್ಲಬೇಕಾದುದಾದ್ದರಿಂದ ಅದು ಬೆಕ್ಕು ಓಡಿದರೂ ಮಂಗ ಹಾರಿದರೂ ಜರುಗುತ್ತಿತ್ತು. ಮಳೆಗಾಲ ಹತ್ತಿರವಾದಂತೆ ಮಾಡನ್ನೇರಿ ಹೆಂಚನ್ನು ಕೈಯಾಡಿಸುವುದು ಮನೆಯ ವಾರ್ಷಿಕ ಕರ್ಮಗಳಲ್ಲೊಂದಾಗಿತ್ತು. ಎರಡು ಪದರಗಳಾಗಿ ಹೊದೆಸಿದ ಅದರ ಭಾರವನ್ನು ಹೊರಲು ಮರವೂ ಹೆಚ್ಚು ಬೇಕಾಗುತ್ತಿತ್ತು.

ಹೀಗಿರುವ ನಾಡಿಗೆ 1834ರಲ್ಲಿ ಸ್ಯಾಮುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಪಾದ್ರಿಗಳು ಬಂದಿಳಿದರು. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾದ ಮಿಶನ್ ಅವರನ್ನು ಕಳುಹಿತ್ತು. ಕನ್ನಡಿಗರು ಆ ಸಂಸ್ಥೆಯನ್ನು ಮುಖ್ಯವಾಗಿ ಅಕ್ಷರಸೇವೆಗಾಗಿ ಸ್ಮರಿಸುವರು. 1841ರಲ್ಲಿ ಮಂಗಳೂರಿನಲ್ಲಿ ತೊಡಗಿದ ಮುದ್ರಣಾಲಯ, 1843ರಲ್ಲಿ ಮೋಗ್ಲಿಂಗರು ಹೊರಡಿಸಿದ ಮಂಗಳೂರ ಸಮಾಚಾರವೆಂಬ ಪತ್ರಿಕೆ, 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟು ಇವು ನಮ್ಮ ಸಾಹಿತ್ಯಚರಿತ್ರೆಯ ಅಂಗಗಳೇ ಆಗಿಹೋಗಿವೆ. ಅದೇ ಸಂಸ್ಥೆಯು ಮಣ್ಣಿನ ಕೆಲಸಕ್ಕೆ ಕೈಹಾಕಿದುದಕ್ಕೆ ಕಾರಣವು ಧಾರ್ಮಿಕವಾದುದಕ್ಕಿಂತ ಹೆಚ್ಚಾಗಿ ಸಾಮಾಜಿಕವಾದುದು. ಹೊಸ ಮತವನ್ನು ಸ್ವೀಕರಿಸಿದವರು ತಮ್ಮ ಜಾತಿಯೊಡನೆ ಕುಲಕಸಬನ್ನೂ, ಧಣಿಯ ಗದ್ದೆಯ ಗೇಣಿಯನ್ನೂ, ನೆಂಟರ ಆಸರೆಯನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಿದ್ದರು. ಅವರಿಗೆ ಅನ್ನದ ದಾರಿಯನ್ನು ತೋರಿಸುವ ಹೊಣೆ ಮಿಶನ್ನಿನ ಮೇಲೆ ಬಿದ್ದಿತು. ಕೃಷಿ ಮೊದಲಾದ ಕೆಲವು ಪ್ರಯತ್ನಗಳು ಚೆನ್ನಾಗಿ ಫಲಿಸಲಿಲ್ಲ. ನೇಯ್ಗೆ ಫಲಿಸಿತು, 1851ರಲ್ಲಿ ಬಂದ ಹಾಲರ್ ಎಂಬ ನೇಕಾರನ ಕೈಕೆಳಗೆ ಅದು ಬಲಿತು ಹೆಸರಾಯಿತು. ಆದರೆ ಬಾಸೆಲ್ ಮಿಶನ್ನಿನ ಹೆಸರನ್ನು ಪುಸ್ತಕವನ್ನೇ ಕಾಣದ ಮನೆಗಳೊಳಕ್ಕೂ ಒಯ್ದುದು ಹೆಂಚು.

ಆ ಹೆಂಚಿನ ಕರ್ತೃವೆಂದು ಪ್ರಸಿದ್ಧನಾದ ಜಾರ್ಜ್ ಪ್ಲೆಬ್ಸ್ಟ್ ಮೊದಲು ಮಿಶನ್ನಿನ ಮುದ್ರಣಾಲಯದಲ್ಲಿ ದುಡಿದ ಯಂತ್ರಕುಶಲಿ. ಕಲ್ಲಚ್ಚಿನ ಮುದ್ರಣದಿಂದ ಅಚ್ಚುಮೊಳೆಯ ಮುದ್ರಣಕ್ಕೆ ಮಂಗಳೂರು ಸಾಗಿದ ಕಾಲದಲ್ಲಿ ಅಲ್ಲಿ ಕೈಜೋಡಿಸಿದವನು. ಈ ಸಂಗತಿಯನ್ನು ಹೆಂಚಿನ ಚರಿತ್ರೆಯನ್ನು ಹೇಳುವವರು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುವುದುಂಟು. ನನಗಾದರೋ ಇದು ಬಹಳ ಅರ್ಥವುಳ್ಳದ್ದಾಗಿ ತೋರುತ್ತದೆ. ಅಚ್ಚುಮೊಳೆಗಳ ಕೆಲಸದ ಮೂಲತತ್ತ್ವವೇನು? ಪ್ರತಿಯೊಂದು ಮೊಳೆಯೂ ಎತ್ತರದಲ್ಲಿಯೂ ಮೈಯಲ್ಲಿಯೂ ಮಿಕ್ಕ ಎಲ್ಲ ಮೊಳೆಗಳಿಗೆ ಸರಿಸಮಾನವಾಗಿರಬೇಕು. ಯಾವ ಮೊಳೆಯ ಪಕ್ಕದಲ್ಲಿ ಯಾವುದನ್ನಿಟ್ಟರೂ ಒಂದಕ್ಕೊಂದು ಒತ್ತಿಕೊಂಡು ಒಂದೇ ಮೈಯಾಗಿ ನಿಲ್ಲಬೇಕು. ಸವೆದುದೊಂದನ್ನು ತೆಗೆದು ಹೊಸದನ್ನಿಟ್ಟರೆ ಪುಟವು ಕದಲಬಾರದು. ಇದೇ ತತ್ತ್ವವನ್ನು ಸೀಸದಿಂದ ಜೇಡಿಮಣ್ಣಿಗೂ, ಪುಟದಿಂದ ಮಾಡಿಗೂ ವರ್ಗಾಯಿಸಿದರೆ ದೊರೆಯುವುದು ಮಂಗಳೂರು ಹೆಂಚೇ. ಆ ಮನುಷ್ಯನ ಮನಸ್ಸಿನಲ್ಲಿ ಈ ಎರಡು ವಿದ್ಯೆಗಳು ಪರಸ್ಪರ ಮಾತನಾಡಿಕೊಂಡಿದ್ದುವೆಂಬುದಕ್ಕೆ ದಾಖಲೆಯನ್ನು ತೋರಿಸಲಾರೆನಾದರೂ, ಹಾಗೆ ಊಹಿಸುವುದನ್ನು ಬಿಡಲಾರೆನು.

ಆಕೃತಿಯ ಬೀಜ ಮಾತ್ರ ಯೂರೋಪಿನದು. ಫ್ರಾನ್ಸಿನ ಅಲ್ಸಾಸ್ ಪ್ರಾಂತದ ಅಲ್ಟ್‌ಕಿರ್ಷ್ ಎಂಬ ಚಿಕ್ಕ ಊರಿನಲ್ಲಿ ಗಿಲಾರ್ಡೋನಿ ಸಹೋದರರು 1841ರಲ್ಲಿ, ಅಂಚುಗಳಲ್ಲಿ ಏಣನ್ನೂ ಗಾಡಿಯೆಂಬ ತೋಡನ್ನೂ ಪಡೆದು ಒಂದರೊಳಗೊಂದು ಕೂಡಿಕೊಳ್ಳುವ ಹೆಂಚಿಗೆ ಹಕ್ಕುಪತ್ರವನ್ನು ಪಡೆದಿದ್ದರು. ಆ ಊರು ಬಾಸೆಲ್ಲಿಗೆ ದೂರದ್ದಲ್ಲ. ಒಂದು ದಿನದ ನಡಿಗೆಯಲ್ಲಿ ಸೇರಬಹುದಾದಷ್ಟು ಹತ್ತಿರದ್ದು. ಅದೇ ಕಲ್ಪನೆಯ ಮತ್ತೊಂದು ಶಾಖೆ ದಕ್ಷಿಣ ಫ್ರಾನ್ಸಿನ ಮಾರ್ಸೇಲ್ಸ್ ಪಟ್ಟಣದ ಸುತ್ತಮುತ್ತ ಬೆಳೆದು, ಹಡಗನ್ನೇರಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆಸ್ಟ್ರೇಲಿಯದ ಮನೆಗಳ ಮೇಲೆ ನೆಲೆಸಿತು. ಒಂದನೆಯ ಮಹಾಯುದ್ಧದಲ್ಲಿ ಹಡಗುಗಳು ನಿಂತಾಗ ಆ ದೇಶದವರು ಅದೇ ಮಾದರಿಯನ್ನು ತಮ್ಮ ಮಣ್ಣಿನಿಂದಲೇ ಮಾಡಿಕೊಳ್ಳತೊಡಗಿದರು. ಹೀಗಾಗಿ ಸಿಡ್ನಿ ನಗರದ ಹಳೆಯ ಬೀದಿಯೊಂದರಲ್ಲಿ ನಿಂತ ಮಂಗಳೂರಿಗನಿಗೆ ಅಲ್ಲಿಯ ಮಾಡುಗಳು ತನ್ನ ಊರಿನವೆಂಬಂತೆ ಕಂಡರೆ ಅದು ಬರಿಯ ಭ್ರಮೆಯಲ್ಲ. ಎರಡೂ ಒಂದೇ ಮೂಲದಿಂದ ಕವಲೊಡೆದವು.

ಇನ್ನು ಹೆಂಚನ್ನೇ ಕೈಗೆತ್ತಿಕೊಂಡು ನೋಡೋಣ. ಉದ್ದದಲ್ಲಿ ಮೊಳಕ್ಕಿಂತ ತುಸು ಕಡಿಮೆ, ಅಗಲದಲ್ಲಿ ಗೇಣಿಗಿಂತ ತುಸು ಹೆಚ್ಚು, ತೂಕದಲ್ಲಿ ಎರಡರಿಂದ ಮೂರು ಕಿಲೋಗ್ರಾಮ್. ಮೇಲ್ಮೈಯಲ್ಲಿ ನಡುವೆ ಒಂದು ಉಬ್ಬು, ಅದರ ಇಕ್ಕೆಲಗಳಲ್ಲಿ ಮೇಲಿನಿಂದ ಕೆಳಕ್ಕೆ ಸಾಗುವ ಅಗಲವಾದ ತಗ್ಗುಗಳು. ಬಿದ್ದ ನೀರು ಅಂಚಿನ ಕಡೆಗೆ ಹರಡದೆ ಈ ತಗ್ಗುಗಳಲ್ಲಿ ಕೂಡಿಕೊಂಡು ಇಳಿಯುವುದು. ಒಂದು ಪಕ್ಕದ ಅಂಚಿನಲ್ಲಿ ಎದ್ದುನಿಂತ ಏಣು; ಇನ್ನೊಂದು ಪಕ್ಕದಲ್ಲಿ ನೆರೆಯ ಹೆಂಚಿನ ಏಣನ್ನು ಮುಚ್ಚಿಕೊಳ್ಳುವ ಗಾಡಿ. ಪಕ್ಕಪಕ್ಕದ ಹೆಂಚುಗಳು ಸುಮಾರು 25 ಮಿಲಿಮೀಟರಿನಷ್ಟೂ, ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಸುಮಾರು 60 ಮಿಲಿಮೀಟರಿನಷ್ಟೂ ಒಂದನ್ನೊಂದು ಆವರಿಸುವುವು. ಇಲ್ಲಿ ಗಮನಿಸತಕ್ಕ ಸೂಕ್ಷ್ಮವೆಂದರೆ, ಈ ಸಂಧಿಗಳು ನೀರು ಒಳನುಗ್ಗಲೇಬಾರದೆಂಬ ಹಟದಿಂದ ರಚಿತವಾದುವಲ್ಲ. ಗಾಳಿಯೊಡನೆ ಬಂದ ಮಳೆಯು ಎಲ್ಲಿಯೋ ಒಂದು ಕಡೆ ನುಗ್ಗುವುದು ನಿಶ್ಚಯವೆಂದು ಮೊದಲೇ ಒಪ್ಪಿಕೊಂಡು, ಹಾಗೆ ನುಗ್ಗಿದ ನೀರು ಗಾಡಿಯೊಳಗೇ ಹರಿದು ಕೆಳಗಿನ ಹೆಂಚಿನ ಬೆನ್ನಿನ ಮೇಲೆ ಬೀಳುವಂತೆ ದಾರಿಯನ್ನು ಕಲ್ಪಿಸಲಾಗಿದೆ. ತಲೆಯ ಕಡೆ ಅಡ್ಡಕ್ಕೆ ಎದ್ದಿರುವ ಏಣುಗಳು ಗಾಳಿಯ ನೂಕಿಗೆ ನೀರು ಹಿಮ್ಮುಖವಾಗಿ ಏರದಂತೆ ತಡೆಯುವುವು. ಕೆಳಮೈಯಲ್ಲಿ ತಲೆಯ ಬಳಿ ಚಾಚಿಕೊಂಡ ಗುಬಟುಗಳು ರೀಪಿಗೆ ತಗುಲಿ ನಿಲ್ಲುವುವು. ಆಮೇಲೆ ಮೊಳೆಯೂ ಬೇಡ, ಗಾರೆಯೂ ಬೇಡ. ಗಾಳಿಯ ಬಾಧೆ ಹೆಚ್ಚಾಗಿರುವ ಕಡೆ ತಂತಿಯಿಂದ ಬಿಗಿಯಲು ಸಣ್ಣ ತೂತೊಂದಿರುತ್ತದೆ.

ಮೊಳೆ ಗಾರೆಗಳಿಲ್ಲದಿರುವುದರ ಪ್ರಯೋಜನವನ್ನು ಆ ಮನೆಗಳಲ್ಲಿ ಬಾಳಿದವರೇ ಬಲ್ಲರು. ತೆಂಗಿನಕಾಯಿ ಬಿದ್ದು ಹೆಂಚೊಂದು ಒಡೆದರೆ ಮಾಡನ್ನೆಲ್ಲ ಬಿಚ್ಚಬೇಕಾಗಿಲ್ಲ. ಒಳಗೆ ಏಣಿಯನ್ನಿಟ್ಟು ಹತ್ತಿ, ಮೇಲಿನದನ್ನು ತುಸು ಎತ್ತಿ, ಒಡೆದುದನ್ನು ಸೆಳೆದು ಹೊಸದನ್ನು ತೂರಿಸಿದರೆ ಕೆಲಸ ಮುಗಿಯಿತು. ಕತ್ತಲೆಯ ಅಡಿಗೆಮನೆಗೆ ಬೆಳಕು ಬೇಕಾದರೆ ಅದೇ ಆಕಾರದ ಗಾಜಿನ ಹೆಂಚೊಂದನ್ನು ಅದೇ ಸ್ಥಾನದಲ್ಲಿರಿಸಬಹುದು. ಹೊಗೆಯೂ ಬಿಸಿಗಾಳಿಯೂ ಸಂದುಗಳ ಮೂಲಕ ಹೊರಹೋಗುವುವು. ಒಂದು ಚದರ ಮೀಟರಿಗೆ ಹದಿನೈದರ ಸುಮಾರು ಹೆಂಚುಗಳು ಸಾಕಾದುದರಿಂದ ನಾಡಹೆಂಚಿಗಿಂತ ಭಾರ ಕಡಿಮೆಯಾಗಿ, ಪಕ್ಕಾಸುಗಳು ಸಪೂರವಾದರೂ ನಡೆಯುವುದು. ರೀಪುಗಳ ನಡುವಣ ಅಂತರವನ್ನು ಬಡಗಿಯು ಅಳತೆಪಟ್ಟಿಯಿಂದಲ್ಲ, ಹೆಂಚುಗಳನ್ನೇ ಇಟ್ಟು ನಿಶ್ಚಯಿಸುವನು. ಕರಾವಳಿಯ ಮನೆಯ ಮಾಡಿನ ಓಟ, ಮರದ ಗಾತ್ರ, ಸೂರಿನ ಎತ್ತರ ಇವೆಲ್ಲಕ್ಕೂ ಈ ಸಣ್ಣ ವಸ್ತುವೇ ಮಾನದಂಡವಾಯಿತೆಂದರೆ ಅತಿಶಯೋಕ್ತಿಯಾಗದು.

ತಯಾರಿಕೆಯ ಕ್ರಮವೂ ವಿಸ್ತಾರವಾಗಿ ಹೇಳಲು ಯೋಗ್ಯವಾದುದೇ. ನೇತ್ರಾವತಿ, ಗುರುಪುರ ನದಿಗಳ ಬಯಲಿನ ಗದ್ದೆಗಳಡಿಯಲ್ಲಿ ದೊರೆಯುವ ಜೇಡಿಮಣ್ಣನ್ನು ಬೇಸಗೆಯಲ್ಲಿ ಅಗೆದು ದೋಣಿಗಳಲ್ಲಿ ತುಂಬಿ ಕಾರ್ಖಾನೆಯ ಕಟ್ಟೆಗೆ ತಂದಿಳಿಸುತ್ತಿದ್ದರು. ಕಾರ್ಖಾನೆಗಳೆಲ್ಲವೂ ನದಿಯ ಅಂಚಿನಲ್ಲಿಯೇ ಸಾಲಾಗಿ ಎದ್ದುದು ಇದರಿಂದ. ಮಣ್ಣೂ ಸೌದೆಯೂ ನೀರಿನ ಮೇಲೆಯೇ ಬರುತ್ತಿದ್ದುವು, ಸುಟ್ಟ ಹೆಂಚು ನೀರಿನ ಮೇಲೆಯೇ ಬಂದರಕ್ಕೆ ಹೋಗುತ್ತಿದ್ದಿತು. ಮಣ್ಣನ್ನು ರಾಶಿಹಾಕಿ ಹದಗೊಳ್ಳಲು ಬಿಟ್ಟು, ಬಳಿಕ ಬೇರೆ ಬೇರೆ ಗುಣದ ಮಣ್ಣುಗಳನ್ನು ಬೆರೆಸಿ, ಯಂತ್ರದಲ್ಲಿ ಅರೆದು ನಾದಿ, ಹಲಗೆಯಂತೆ ಹೊರಬಂದ ಮುದ್ದೆಯನ್ನು ತುಂಡರಿಸಿ, ಎಣ್ಣೆ ಸವರಿ, ಅಚ್ಚಿನ ಒತ್ತುಯಂತ್ರಕ್ಕೆ ಕೊಡುವರು. ಆರಂಭದಲ್ಲಿ ನಾದುವ ಯಂತ್ರವನ್ನು ತಿರುಗಿಸಿದುವು ಎತ್ತುಗಳು. ಮುಂದೆ ಉಗಿಯಂತ್ರ ಬಂದಿತು, ಅದರ ಮೇಲೆ ವಿದ್ಯುತ್ತು ಬಂದಿತು. ಅಚ್ಚಿನಿಂದೆದ್ದ ಹಸಿ ಹೆಂಚಿನ ಅಂಚುಗಳಲ್ಲಿ ಉಳಿದ ಮಣ್ಣನ್ನು ಕತ್ತರಿಸಿ ಒಪ್ಪಮಾಡುವ ಕೆಲಸವನ್ನೂ, ತಲೆಯ ಮೇಲೆ ಹೊತ್ತು ಒಣಗುಗೂಡುಗಳ ಹಲಗೆಗಳಿಗೆ ಸಾಗಿಸುವ ಕೆಲಸವನ್ನೂ ಬಹುಮಟ್ಟಿಗೆ ಹೆಂಗಸರೇ ಮಾಡುತ್ತಿದ್ದರು. ಬಿಸಿಲಿಗಿಟ್ಟರೆ ಹೆಂಚು ಸೊಟ್ಟಗಾಗುವುದು. ಆದುದರಿಂದ ನೆರಳಿನಲ್ಲಿ, ಗಾಳಿಯಲ್ಲಿ, ಮೆಲ್ಲಮೆಲ್ಲನೆ ಅದು ಒಣಗಬೇಕು. ಆತುರಕ್ಕೆ ಅಲ್ಲಿ ಎಡೆಯಿಲ್ಲ.

ಸುಡುವ ಗೂಡಿನಲ್ಲಿಯೂ ಒಂದು ಮಹತ್ತ್ವದ ಪರಿವರ್ತನೆಯಾಯಿತು. ಒಮ್ಮೆ ತುಂಬಿ ಉರಿಸಿ, ಆರಿದ ಮೇಲೆ ತೆರೆಯುವ ಬಿಡಿ ಗೂಡುಗಳ ಬದಲು, 1858ರಲ್ಲಿ ಜರ್ಮನಿಯ ಫ್ರೀಡ್ರಿಕ್ ಹಾಫ್‌ಮನ್ ಕಲ್ಪಿಸಿದ ನಿರಂತರ ಗೂಡು ಮುಂದೆ ಮಂಗಳೂರಿನ ಕಾರ್ಖಾನೆಗಳಿಗೆ ಬಂದಿತು. ಅದರಲ್ಲಿ ಅನೇಕ ಕೋಣೆಗಳು ಬಳಸಿಕೊಂಡು ನಿಂತಿರುವುವು. ಬೆಂಕಿಯು ನಂದದೆ ಒಂದು ಕೋಣೆಯಿಂದ ಮತ್ತೊಂದಕ್ಕೆ ಸಾಗುತ್ತಿರುವುದು. ಸುಟ್ಟು ಆರುತ್ತಿರುವ ಹೆಂಚುಗಳ ಬಿಸಿಯನ್ನು ಹೀರಿದ ಗಾಳಿ ಉರಿಗೆ ಒದಗುವುದು, ಉರಿಯಿಂದ ಹೊರಟ ಬಿಸಿಹೊಗೆ ಮುಂದಿನ ಕೋಣೆಗಳ ಹಸಿಹೆಂಚನ್ನು ಕಾಯಿಸುವುದು. 800 ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಆ ಶಾಖದಲ್ಲಿ ಮಣ್ಣಿನೊಳಗಣ ಕಬ್ಬಿಣದ ಅಂಶವು ಹೆಂಚಿಗೆ ಆ ಪರಿಚಿತವಾದ ಕೆಂಪನ್ನು ಕೊಡುವುದು; ಬಣ್ಣವನ್ನು ಹೊರಗಿನಿಂದ ಬಳಿದುದಲ್ಲವಾದುದರಿಂದ ಮಳೆಗೆ ಅದು ತೊಳೆದುಹೋಗುವುದಿಲ್ಲ. ಗೂಡಿನಿಂದ ಇಳಿದ ಹೆಂಚನ್ನು ಅನುಭವಿಯಾದ ಕೆಲಸಗಾರನು ಬೆರಳಿನಿಂದ ಮೀಟಿ ಕಿವಿಗೊಡುವನು. ಲೋಹದಂತೆ ಕಣಕಣಿಸಿದುದು ಗಟ್ಟಿ, ಮಂದವಾಗಿ ಸದ್ದುಗೈದುದು ಬಿರುಕುಳ್ಳದ್ದು ಅಥವಾ ಅರೆಬೆಂದುದು. ಪರೀಕ್ಷೆಗೆ ಉಪಕರಣಗಳು ಬಂದ ಮೇಲೂ ಈ ಕಿವಿಯ ನಿರ್ಣಯವನ್ನು ಯಾರೂ ಕೈಬಿಡಲಿಲ್ಲ.

ಜೆಪ್ಪುವಿನಲ್ಲಿ ಆರಂಭವಾದ ಉದ್ಯಮವನ್ನು ಮಿಶನ್ನಿನವರು ಮಂಗಳೂರಿನ ಕುದ್ರೋಳಿಗೂ ಮಲ್ಪೆಗೂ, ಮಲಬಾರಿನಲ್ಲಿ ಕಲ್ಲಿಕೋಟೆ, ಕೊಡಕ್ಕಲ್, ಪಾಲಘಾಟ್, ಫೆರೋಕ್‌ಗಳಿಗೂ ವಿಸ್ತರಿಸಿದರು. ಆದರೆ ಅದು ಅವರೊಬ್ಬರ ಸೊತ್ತಾಗಿ ಉಳಿಯಲಿಲ್ಲ. ಆಲ್ಬುಕರ್ಕ್ ಮನೆತನದವರಂಥ ಸ್ಥಳೀಯ ಉದ್ಯಮಿಗಳು ಬೇಗನೆ ತಮ್ಮ ತಮ್ಮ ಕಾರ್ಖಾನೆಗಳನ್ನು ಎಬ್ಬಿಸಿದರು. ಕುಂದಾಪುರದ ನದೀತೀರಗಳಲ್ಲಿಯೂ ಗೂಡುಗಳ ಎತ್ತರವಾದ ಹೊಗೆಕೊಳವೆಗಳು ಕಾಣಿಸಿಕೊಂಡುವು. ಮಂಗಳೂರಿಗೆ ರೈಲು ಬಂದುದು 1907ರಲ್ಲಿ. ಅದಕ್ಕೆ ಬಹು ಮೊದಲೇ ಹೆಂಚು ಹಾಯಿಮಂಜಿಗಳನ್ನೇರಿ ಮುಂಬಯಿಗೂ ಕೊಲಂಬೊಗೂ ರಂಗೂನಿಗೂ ಪೂರ್ವ ಆಫ್ರಿಕದ ರೇವುಗಳಿಗೂ ತಲಪಿತ್ತು. ಸರಕಾರಿ ಕಟ್ಟಡಗಳಿಗೆ ಈ ಹೆಂಚನ್ನು ಬ್ರಿಟಿಷ್ ಅಧಿಕಾರಿಗಳು ಮೆಚ್ಚಿ ಸ್ವೀಕರಿಸಿದುದರಿಂದ ರೈಲು ನಿಲ್ದಾಣ, ಪ್ರವಾಸಿ ಬಂಗಲೆ, ಶಾಲೆ, ಆಸ್ಪತ್ರೆ, ಕಚೇರಿಗಳ ಮೇಲೆ ಅದು ದೇಶದ ಉದ್ದಗಲಕ್ಕೂ ಹರಡಿತು. ಅರಸರ ಅನುಮತಿಯಿಂದ ಮಾತ್ರ ದೊರೆಯುತ್ತಿದ್ದ ಹೆಂಚಿನ ಮಾಡು ಹಣ ಕೂಡಿಸಬಲ್ಲ ಗೇಣಿದಾರನಿಗೂ ದೊರೆಯುವಂತಾದುದು ಈ ನಾಡಿನ ಸಾಮಾಜಿಕ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ಮುಂದೆ ಗುಜರಾತಿನ ಮೋರ್ಬಿಯಲ್ಲಿಯೂ ಕೇರಳದ ತ್ರಿಶ್ಶೂರಿನಲ್ಲಿಯೂ ತಯಾರಾದ ಹೆಂಚುಗಳು ಮಂಗಳೂರು ಹೆಂಚೆಂಬ ಹೆಸರಿನಿಂದಲೇ ಮಾರಾಟವಾದುವು.

ಒಂದನೆಯ ಮಹಾಯುದ್ಧವು ಮಿಶನ್ನಿನ ಒಡೆತನಕ್ಕೆ ಕೊನೆಯನ್ನು ತಂದಿತು. ಜರ್ಮನರು ಬಹುಸಂಖ್ಯೆಯಲ್ಲಿದ್ದ ಸಂಸ್ಥೆಯೆಂದು ಸರಕಾರವು ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು. ಯುದ್ಧಾನಂತರ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಸೇರಿದುವು. ಪಾದ್ರಿಗಳು ಹೋದರು, ಅಧಿಕಾರಿಗಳು ಬಂದರು. ದಕ್ಷಿಣ ಕನ್ನಡದಲ್ಲಿ ಕಾರ್ಮಿಕರು ಸಂಘ ಕಟ್ಟಿಕೊಳ್ಳುವ ಕಾಲ ಬಂದಾಗ ಹೆಂಚಿನ ಕಾರ್ಖಾನೆಗಳ ಕೆಲಸಗಾರರೂ ಅದರ ಮುಂಚೂಣಿಯಲ್ಲಿದ್ದರು. ಸ್ವಾತಂತ್ರ್ಯ ಬಂದಿತು, ರಾಜ್ಯಗಳ ಗಡಿಗಳು ಮಾರ್ಪಟ್ಟುವು. ಹೆಂಚು ಮಾತ್ರ ಇದ್ದಂತೆಯೇ ಇದ್ದಿತು.

ಏಕೆ ಹಾಗೆ? ಉತ್ತಮವಾದ ರಚನೆಯಾದುದರಿಂದ ಉಳಿಯಿತೆಂಬ ಉತ್ತರ ಸುಲಭವಾದುದು; ಆದರೆ ಅಷ್ಟಕ್ಕೇ ನಿಲ್ಲುವುದು ಸರಿಯಲ್ಲ. ಉತ್ತಮವಾದ ವಸ್ತುಗಳನ್ನು ಇನ್ನೂ ಉತ್ತಮಪಡಿಸುವೆವೆಂಬ ಹುಮ್ಮಸ್ಸಿನಿಂದ ಮನುಷ್ಯರು ಮಾರ್ಪಡಿಸುತ್ತಲೇ ಇರುವರು. ಹೆಂಚನ್ನು ಹಾಗೆ ಮಾರ್ಪಡಿಸಲು ಬಾರದಿರುವುದಕ್ಕೆ ಕಾರಣವೆಂದರೆ, ಅದು ಒಂಟಿಯಾಗಿ ಎಂದೂ ಉಪಯುಕ್ತವಲ್ಲ. ಕೊಡವೊಂದರ ಕಂಠವನ್ನು ಕುಂಬಾರನು ತನಗೆ ತೋರಿದಂತೆ ಉದ್ದಮಾಡಬಹುದು, ಅದರಿಂದ ಬೇರೆ ಕೊಡಗಳಿಗೆ ಬಾಧಕವಿಲ್ಲ. ಹೆಂಚಿನ ಏಣನ್ನು ಅರ್ಧ ಅಂಗುಲ ಸರಿಸಿದರೆ ಅದು ಈಗಾಗಲೇ ಮಾಡುಗಳ ಮೇಲಿರುವ ಕೋಟಿ ಹೆಂಚುಗಳಿಗೆ ಪರಕೀಯವಾಗಿಬಿಡುತ್ತದೆ. ಉದ್ದವನ್ನು ಎರಡು ಅಂಗುಲ ಹೆಚ್ಚಿಸಿದರೆ ಆ ಪ್ರದೇಶದ ಎಲ್ಲ ಹಳೆಯ ಮನೆಗಳ ರೀಪುಗಳನ್ನೂ ಕಿತ್ತು ಹೊಡೆಯಬೇಕಾಗುತ್ತದೆ. ಆದುದರಿಂದ ಪ್ರತಿಯೊಂದು ಹೊಸ ಹೆಂಚೂ ತಾನು ಹುಟ್ಟುವುದಕ್ಕೆ ಮುಂಚೆಯೇ ತನ್ನ ಹಿರಿಯರಿಗೆ ಋಣಿಯಾಗಿರುತ್ತದೆ. ಇಂದು ಸುಟ್ಟುದು ಅಜ್ಜನ ಕಾಲದ ಮಾಡಿನ ನಡುವೆ ಕುಳಿತು ಇಕ್ಕೆಲದ ನೆರೆಯವರೊಡನೆ ಕೈಹಿಡಿಯಬಲ್ಲುದಾದರೆ ಮಾತ್ರ ಅದು ಹೆಂಚು. ಸ್ಥಿರತೆಯು ಇಲ್ಲಿ ನೆರೆಹೊರೆಯ ಧರ್ಮವಾಗಿ ಪರಿಣಮಿಸಿದೆ.

ಈ ನೆರೆಧರ್ಮವು ಎಷ್ಟು ಸೂಕ್ಷ್ಮವಾದುದೆಂಬುದನ್ನು ಹಳೆಯ ಮನೆಯ ಯಜಮಾನರು ಅನುಭವದಿಂದ ತಿಳಿದಿರುವರು. ಬೇರೆ ಬೇರೆ ಕಾರ್ಖಾನೆಗಳ ಅಚ್ಚುಗಳಲ್ಲಿ ಕೂದಲೆಳೆಯ ವ್ಯತ್ಯಾಸಗಳಿದ್ದೇ ಇರುತ್ತಿದ್ದುವು; ಒಂದು ಕಂಪೆನಿಯ ಹೆಂಚಿನ ನಡುವೆ ಇನ್ನೊಂದರದನ್ನು ಕೂಡಿಸಿದರೆ ಅದು ಸರಿಯಾಗಿ ಕೂಡದೆ ಸೋರುವುದುಂಟು. ಅದಕ್ಕಾಗಿಯೇ ಹೆಂಚನ್ನು ಕೊಳ್ಳಲು ಹೋಗುವವರು ಒಡೆದ ಹಳೆಯದರ ಚೂರನ್ನು ಒಯ್ದು, ಅದರ ಕೆಳಮೈಯಲ್ಲಿ ಅಚ್ಚೊತ್ತಿದ ಕಂಪೆನಿಯ ಹೆಸರನ್ನೋ ಗುರುತನ್ನೋ ತೋರಿಸಿ ಅಂಥದನ್ನೇ ಕೇಳುವ ರೂಢಿ ಬಂದಿತು. ಮುಚ್ಚಿಗೆಯಿಲ್ಲದ ಮನೆಗಳಲ್ಲಿ ಮಲಗಿದ ಮಕ್ಕಳು ಮೇಲೆ ನೋಡುತ್ತ ಆ ಅಕ್ಷರಗಳನ್ನೂ ಜೊತೆಗಿದ್ದ ಇಸವಿಯನ್ನೂ ಕೂಡಿಸಿ ಓದಿದುದರಿಂದ, 1865 ಎಂಬ ಸಂಖ್ಯೆ ಚರಿತ್ರೆಯ ಪುಸ್ತಕಕ್ಕೆ ಮುಂಚೆಯೇ ಅನೇಕರ ಕಣ್ಣಿಗೆ ಪರಿಚಿತವಾಗಿದ್ದಿತು. ಕೊನೆಗೆ ಭಾರತೀಯ ಮಾನಕ ಸಂಸ್ಥೆಯು ಮಂಗಳೂರು ಮಾದರಿಯ ಹೆಂಚಿಗೆಂದೇ 654ನೆಯ ಸಂಖ್ಯೆಯ ಮಾನಕವನ್ನು ರಚಿಸಿತು. 1992ರ ಪರಿಷ್ಕರಣದಲ್ಲಿಯೂ ಅದು ಹೇಳುವುದು 410ಕ್ಕೆ 235, 420ಕ್ಕೆ 250, 425ಕ್ಕೆ 260 ಮಿಲಿಮೀಟರುಗಳ ಮೂರೇ ಅಳತೆಗಳನ್ನು. ಒಂದು ಊರಿನ ಹೆಸರು ಒಂದು ಆಕೃತಿಯ ಹೆಸರಾಗಿ ದೇಶದ ಮಾನಕದಲ್ಲಿ ನೆಲೆಗೊಂಡಿತು.

ಈ ಪ್ರಶಂಸೆಯೊಡನೆ ಅದರ ಬೆಲೆಯನ್ನೂ ಹೇಳದಿದ್ದರೆ ಸತ್ಯಕ್ಕೆ ಲೋಪವಾಗುವುದು. ಹೆಂಚಿಗಾಗಿ ಅಗೆದುದು ಗದ್ದೆಯ ಮಣ್ಣು. ಆಳವಾಗಿ ಅಗೆದ ಕಡೆ ನೀರು ನಿಂತು ಬೇಸಾಯವು ಕೆಟ್ಟಿತು. ಗೂಡುಗಳಿಗೆ ಆಹುತಿಯಾದುದು ಘಟ್ಟದ ಕಾಡು. ಮಣ್ಣಿನ ಭಾರವನ್ನು ತಲೆಯ ಮೇಲೆ ಹೊತ್ತು ಆಯುಸ್ಸನ್ನೇ ಸವೆಯಿಸಿದ ಹೆಂಗಸರ ಹೆಸರುಗಳು ಯಾವ ಹೆಂಚಿನ ಮೇಲೂ ಅಚ್ಚಾಗಲಿಲ್ಲ. ಇಂದು ಒಳ್ಳೆಯ ಜೇಡಿಮಣ್ಣು ದುರ್ಲಭವಾಗಿದೆ, ಸೌದೆ ದುಬಾರಿಯಾಗಿದೆ, ಕಾಂಕ್ರೀಟಿನ ಸಮತಟ್ಟಾದ ತಾರಸಿ ಪ್ರತಿಷ್ಠೆಯ ಚಿಹ್ನೆಯಾಗಿದೆ. ನದಿಯ ದಡದ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿ, ಅವುಗಳ ನಿವೇಶನಗಳಲ್ಲಿ ಬಹುಮಹಡಿಯ ಕಟ್ಟಡಗಳು ಏಳುತ್ತಿವೆ. ಆ ತಾರಸಿಗಳು ಕೆಲವು ಮಳೆಗಾಲಗಳಲ್ಲಿಯೇ ಸೋರತೊಡಗಿದಾಗ ಅವುಗಳ ಮೇಲೆ ಮತ್ತೆ ಇಳಿಜಾರಾದ ತಗಡಿನ ಮಾಡನ್ನು ಏರಿಸುತ್ತಿರುವುದು ಕರಾವಳಿಯ ಯಾವ ಬೀದಿಯಲ್ಲಿಯೂ ಕಾಣತಕ್ಕ ದೃಶ್ಯ. ಮೂಡುಬಿದಿರೆಯ ಶಿಲ್ಪಿಗೆ ತಿಳಿದಿದ್ದ ಪಾಠವನ್ನು ಮಳೆಯು ನಮಗೆ ಮತ್ತೊಮ್ಮೆ ಹೇಳಿಕೊಡುತ್ತಿದೆ.

ಹಳೆಯ ಮನೆಗಳನ್ನು ಕೆಡವುವವರೂ ಕಾರ್ಖಾನೆಗಳನ್ನು ಮುಚ್ಚುವವರೂ ಒಂದು ಬಿನ್ನಹವನ್ನು ಲಾಲಿಸಬೇಕು. ಮಾಡಿನಿಂದಿಳಿಸಿದ ಹೆಂಚನ್ನು ಒಡೆದು ಹಳ್ಳಕ್ಕೆ ತುಂಬಬೇಡಿರಿ. ನೂರು ವರ್ಷ ಬಾಳಿದುದು ಇನ್ನೊಂದು ಮನೆಯ ಮೇಲೆ ಇನ್ನೂ ಬಹುಕಾಲ ಬಾಳಬಲ್ಲುದು, ಅದಕ್ಕಾಗಿ ಹೊಸ ಗದ್ದೆಯನ್ನು ಅಗೆಯಬೇಕಾಗಿಲ್ಲ, ಮರವನ್ನು ಉರಿಸಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾಗಿ, ನಿಂತುಹೋದ ಕಾರ್ಖಾನೆಗಳ ಅಚ್ಚುಗಳನ್ನು ತೂಕಕ್ಕೆ ಮಾರಿ ಗುಜರಿಗೆ ಹಾಕಬೇಡಿರಿ. ಒಂದು ಅಚ್ಚು ಕರಗಿದರೆ ಅದರಿಂದ ಹುಟ್ಟಿದ ಹೆಂಚುಗಳುಳ್ಳ ಎಲ್ಲ ಮಾಡುಗಳಿಗೂ ಜೊತೆಗಾರನನ್ನು ಒದಗಿಸುವ ದಾರಿ ಮುಚ್ಚಿಹೋಗುವುದು. ಮಂಗಳೂರಿನ ಯಾವುದಾದರೊಂದು ವಿದ್ಯಾಸಂಸ್ಥೆಯೋ ಮಹಾನಗರಪಾಲಿಕೆಯೋ ಉಳಿದಿರುವ ಅಚ್ಚುಗಳನ್ನು ಸಂಗ್ರಹಿಸಿ, ಯಾವುದು ಯಾವ ಕಾರ್ಖಾನೆಯದೆಂದು ಬರೆದಿರಿಸಿ, ಬೇಕಾದವರಿಗೆ ಹೆಂಚು ಒತ್ತಿಕೊಳ್ಳಲು ಕೊಡುವ ಏರ್ಪಾಡನ್ನು ಮಾಡಬೇಕು. ಆ ಕೆಲಸವನ್ನು ಬಲ್ಲ ವೃದ್ಧ ಕೆಲಸಗಾರರು ಇನ್ನೂ ಕೆಲವರು ಬದುಕಿರುವಾಗಲೇ ಮಾಡಬೇಕು.